ಸೂಳೆ ಎಂಬ ಪದದ ಹಾದಿ

ಲೋಕಲ್ ರೈಲಿನಲ್ಲಿ ಸೀಟಿಗಾಗಿ ಜಗಳವಾದಾಗ ನಮ್ಮವರ ಬಾಯಲ್ಲಿ ಥಟ್ಟನೆ ಬರುವ ಬೈಗುಳ ‘ಸೂಳೆಮಗ’. ತಪ್ಪು ಎದುರಿಗಿರುವ ಗಂಡಸಿನದು, ಬೈಸಿಕೊಳ್ಳುವವಳು ಮಾತ್ರ ಅವನ ತಾಯಿ. ಆದರೆ ಈ ಪದ ಹಿಂದೆ ಬರೀ ಬೈಗುಳವಾಗಿರಲಿಲ್ಲ.

ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ (ಕ್ರಿ.ಶ. 696–733) ಕಾಲದ ಕನ್ನಡ ಶಾಸನವೊಂದಿದೆ. ಅರಸನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಏರಿಸಿ, ಭೂಮಿಯನ್ನು ಬಿಟ್ಟ ಸಂಗತಿ ಅದರಲ್ಲಿದೆ. ಶಾಸನ ಅವಳನ್ನು ಸೂಳೆ ಎಂದೇ ಕರೆಯುತ್ತದೆ. ಹಾಗೆ ಕರೆಯುತ್ತಲೇ ಹೆಸರಿಗೆ ಗೌರವದ ‘ಗಳ್’ ಸೇರಿಸುತ್ತದೆ. ಅವಳ ತಾಯಿ, ಅಜ್ಜಿಯರನ್ನೂ ಹೆಸರಿಸುತ್ತದೆ. 12ನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರಿನಲ್ಲೂ ಆ ಪದವಿದೆ. ಅವಳದೆಂದು ಸಿಕ್ಕಿರುವುದು ಒಂದೇ ವಚನ, ಅಂಕಿತ ‘ನಿರ್ಲಜ್ಜೇಶ್ವರ’.

ಸಂಸ್ಕೃತದ ‘ವೇಶ್ಯೆ’ ಬಂದದ್ದು ‘ವೇಶ’ದಿಂದ. ಗಣಿಕೆಯರ ಮನೆ, ಕೇರಿ ಎಂದು ಅದರ ಅರ್ಥ. ಬಣ್ಣ ಹಚ್ಚುವ ‘ವೇಷ’ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇವರ ಉಸ್ತುವಾರಿಗೆ ಗಣಿಕಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ಇಂಗ್ಲಿಷಿನ ‘ಪ್ರಾಸ್ಟಿಟ್ಯೂಷನ್’ ಮೂಲ ಲ್ಯಾಟಿನ್: ‘ಪ್ರೊ’ ಎಂದರೆ ಮುಂದೆ, ‘ಸ್ಟಾಟ್ಯುಯೆರೆ’ ಎಂದರೆ ನಿಲ್ಲಿಸು. ಮಾರಾಟಕ್ಕೆಂದು ಜನರೆದುರು ನಿಲ್ಲಿಸುವುದು ಎಂದಾಯಿತು. ನಿಲ್ಲಿಸಿದವರು ಯಾರು? ಪದ ಅವರನ್ನು ಮರೆತು, ನಿಂತವಳಿಗಷ್ಟೇ ಅಂಟಿಕೊಂಡಿತು.

ಬ್ರಿಟಿಷರ ಕಾನೂನೂ ಹಾಗೆಯೇ. ಸೈನಿಕರಿಗೆ ರೋಗ ತಗುಲಬಾರದೆಂದು 1868ರಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಹೆಂಗಸರಿಗೆ ನೋಂದಣಿ, ವೈದ್ಯಕೀಯ ತಪಾಸಣೆಗಳನ್ನು ಕಡ್ಡಾಯ ಮಾಡಿತು. ಗಿರಾಕಿಗೆ ಯಾವ ತಪಾಸಣೆಯೂ ಇರಲಿಲ್ಲ. 1888ರಲ್ಲಿ ಅದು ರದ್ದಾಯಿತು.

ಹಾಗೆಂದು ಹಳೆಯ ಕಾಲವೆಲ್ಲ ಚಿನ್ನವಲ್ಲ. ಎಲ್ಲರೂ ವಿನಾಪೋಟಿಯರಾಗಿರಲಿಲ್ಲ. ಮುತ್ತು ಕಟ್ಟಿಸಿಕೊಂಡ ಉತ್ತರ ಕರ್ನಾಟಕದ ಎಷ್ಟೋ ಬಡ ಹುಡುಗಿಯರು ಮುಂಬಯಿಯ ಕಾಮಾಠಿಪುರ, ಪುಣೆಯ ಬುಧವಾರ ಪೇಟೆ ಸೇರಿದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ನಮ್ಮಂತೆ ಅವರೂ ಊರು ಬಿಟ್ಟು ಬಂದ ಕನ್ನಡಿಗರೇ.

ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯಿದೆ. ಕೆರೆಗೆ ತಮ್ಮ ಜಾಗ ಬಿಟ್ಟುಕೊಟ್ಟ ಸೂಳೆಯರು, ಅದಕ್ಕೆ ತಮ್ಮ ಹೆಸರೇ ಇರಬೇಕೆಂದು ಕೇಳಿದರಂತೆ. ಈಗ ಅದಕ್ಕೆ ‘ಶಾಂತಿಸಾಗರ’ವೆಂಬ ಹೆಸರೂ ಇದೆ. ಕೆರೆಯ ಹೆಸರಿನಲ್ಲಿ ಆ ಪದ ನಮಗೆ ಮುಜುಗರ ತಂದಿತು. ಜಗಳದಲ್ಲಿ ಮಾತ್ರ ಇನ್ನೂ ಸಲೀಸಾಗಿ ಬರುತ್ತದೆ.