ಮಗು ಕಪ್ಪು ಬಣ್ಣ ಬಳಿದರೆ ಖಿನ್ನತೆಯೇ? ನೋವಿರುವ ಮಕ್ಕಳ ಚಿತ್ರಗಳು ನಿಜಕ್ಕೂ ಏನು ಹೇಳುತ್ತವೆ

ಕಪ್ಪು ಬಳಿದರೆ ಖಿನ್ನತೆ, ಕೆಂಪು ಬಳಿದರೆ ಸಿಟ್ಟು, ಕೈಗಳಿಲ್ಲದ ಮನುಷ್ಯನನ್ನು ಬರೆದರೆ ಭಯ. ಮಕ್ಕಳ ಚಿತ್ರ ‘ಓದುವ’ ಇಂಥ ಪಟ್ಟಿಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತವೆ. ಅದರ ಜೊತೆಗೆ ಇನ್ನೊಂದು ಹಳೆಯ ನಂಬಿಕೆಯೂ ಇದೆ: ಆಟವಾಡುವ ಮಗುವಿಗೆ ನೋವಿರುವುದಿಲ್ಲ, ಹೊಟ್ಟೆನೋವು ತಲೆನೋವು ಎಲ್ಲ ಶಾಲೆ ತಪ್ಪಿಸುವ ನಾಟಕ.

ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ನಂಬಿದ ಮನೆಯಲ್ಲಿ ಮಗು ನೋವು ಹೇಳುವುದನ್ನೇ ಬಿಟ್ಟುಬಿಡಬಹುದು.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆ ಮತ್ತೆ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಮಕ್ಕಳಲ್ಲಿ ತಲೆನೋವು, ಹೊಟ್ಟೆನೋವು, ಕೀಲುನೋವು ಹೀಗೆ ಕಾಡುತ್ತವೆ. ಗಾಯ ಕಾಣುವುದಿಲ್ಲ, ಎಷ್ಟೋ ಸಲ ಸ್ಕ್ಯಾನ್‌ನಲ್ಲೂ ಏನೂ ಸಿಗುವುದಿಲ್ಲ. ಗಮನ ಆಟದ ಕಡೆ ಹೋದಾಗ ನೋವು ಸ್ವಲ್ಪ ಹೊತ್ತು ಹಿಂದೆ ಸರಿಯಬಹುದು, ಆಟ ಮುಗಿದ ಮೇಲೆ ಮತ್ತೆ ಬರಬಹುದು. ಹಾಗಾಗಿ ಆಟವಾಡಿದ್ದು ನೋವಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ.

ಮಕ್ಕಳ ನೋವನ್ನು ನಂಬದಿರುವುದು ಓದುಬರಹವಿಲ್ಲದವರ ತಪ್ಪು ಮಾತ್ರ ಎಂದುಕೊಳ್ಳಬೇಡಿ. ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂದು 1980ರ ದಶಕದವರೆಗೂ ಅನೇಕ ವೈದ್ಯರೇ ನಂಬಿದ್ದರು, ತೀರಾ ಕಡಿಮೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. 1987ರಲ್ಲಿ ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಸರಿಯಾದ ನೋವುನಿವಾರಕ ಪಡೆದ ಶಿಶುಗಳು ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಎಂದು ತೋರಿಸಿದರು. ಬಾಯಲ್ಲಿ ಹೇಳಲಾಗದ ಮಾತ್ರಕ್ಕೆ ನೋವಿಲ್ಲ ಎನ್ನುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘದ 2020ರ ವ್ಯಾಖ್ಯಾನದಲ್ಲೇ ಸೇರಿದೆ.

ಹಾಗಾದರೆ ಚಿತ್ರ ಯಾಕೆ?

‘ಒತ್ತಿದಂತೆ’, ‘ಚುಚ್ಚಿದಂತೆ’, ‘ಸೆಳೆತ’ ಎಂಬ ಪದಗಳು ಆರು ವರ್ಷದ ಮಗುವಿಗೆ ಬರುವುದಿಲ್ಲ. ಆದರೆ ತಲೆಯ ಮೇಲೆ ಸುತ್ತಿಗೆ ಬರೆಯಲು ಬರುತ್ತದೆ.

ಅಮೆರಿಕದ ಮಕ್ಕಳ ನರರೋಗ ವೈದ್ಯ ಕಾರ್ಲ್ ಸ್ಟಾಫ್‌ಸ್ಟ್ರಾಮ್ ಮತ್ತು ಸಂಗಡಿಗರು ತಲೆನೋವೆಂದು ಬಂದ 226 ಮಕ್ಕಳಿಗೆ, ತಲೆನೋವು ಬಂದಾಗ ನೀನು ಹೇಗಿರುತ್ತೀಯ ಎಂದು ಚಿತ್ರ ಬರೆಯಲು ಹೇಳಿದರು. ಮಕ್ಕಳ ಕಾಯಿಲೆಯ ವಿವರ ತಿಳಿಯದ ವೈದ್ಯರು ಆ ಚಿತ್ರಗಳನ್ನಷ್ಟೇ ನೋಡಿ ಇದು ಮೈಗ್ರೇನ್ ಹೌದೋ ಅಲ್ಲವೋ ಎಂದು ಗುರುತಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಚಿತ್ರ ನೋಡಿ ಮೈಗ್ರೇನ್ ಎಂದವುಗಳಲ್ಲಿ ಸುಮಾರು ಶೇ. 87ರಷ್ಟು ವೈದ್ಯಕೀಯ ತಪಾಸಣೆಯ ತೀರ್ಮಾನದೊಂದಿಗೆ ಹೊಂದಿದವು.

ಇದನ್ನೇ ಹಿಡಿದು ‘ಚಿತ್ರ ನೋಡಿದರೆ ಮನಸ್ಸು ಗೊತ್ತಾಗುತ್ತದೆ’ ಎಂದು ಯಾರಾದರೂ ಫಾರ್ವರ್ಡ್ ಮಾಡಬಹುದು, ಜೋಪಾನ. ಆ ವೈದ್ಯರು ಬಣ್ಣದಿಂದ ಸ್ವಭಾವ ಹೇಳಲಿಲ್ಲ. ವಾಂತಿ, ಬೆಳಕು ಸಹಿಸಲಾಗದೆ ಮಲಗಿರುವುದು, ಕಣ್ಣಿನ ಸುತ್ತ ನೋವು, ಬಡಿತ ಇಂಥ ಲಕ್ಷಣಗಳನ್ನು ಹುಡುಕಿದರು. ಆಗಲೂ ನೂರಕ್ಕೆ ಹದಿಮೂರು ಕಡೆ ಲೆಕ್ಕ ತಪ್ಪಿತು. ಇನ್ನು ಕಪ್ಪು ಬಣ್ಣದ ವಿಷಯಕ್ಕೆ ಬಂದರೆ, ಮಗುವಿನ ಕೈಗೆ ಸಿಕ್ಕ ಕ್ರಯಾನ್ ಕಪ್ಪಾಗಿತ್ತು ಅಷ್ಟೇ ಇರಬಹುದು. ಕೇಳದೆ ತಿಳಿಯುವುದಿಲ್ಲ.

ಸಂಶೋಧಕರು ಮಾಡುವುದೂ ಅದನ್ನೇ: ಚಿತ್ರ ಬರೆಸುತ್ತಾರೆ, ನಂತರ ಅದರ ಬಗ್ಗೆ ಮಗುವಿನಿಂದಲೇ ಮಾತಾಡಿಸುತ್ತಾರೆ. ದೇಹದ ಹೊರರೇಖೆ ಕೊಟ್ಟು ನೋವಿರುವ ಜಾಗಕ್ಕೆ ಬಣ್ಣ ಹಚ್ಚಿಸುವ ಕ್ರಮವೂ ಇದೆ. ಅದರಲ್ಲಿ ಯಾವ ಬಣ್ಣ ಎಷ್ಟು ನೋವು ಎನ್ನುವುದನ್ನು ಆರಿಸುವುದು ಮಗುವೇ. ಹದಿಹರೆಯದವರಿಗೆ ಕ್ರಯಾನ್ ಕೊಟ್ಟರೆ ನಾಚಿಕೆ. ಅಂಥವರ ಕೈಗೆ ಕ್ಯಾಮೆರಾ ಕೊಡುತ್ತಾರೆ. ಹತ್ತಲಾಗದ ಮೆಟ್ಟಿಲು, ಭಾರದ ಶಾಲಾ ಚೀಲ, ಖಾಲಿ ಆಟದ ಮೈದಾನ, ಏನು ತೆಗೆಯಬೇಕೆಂದು ಅವರೇ ನಿರ್ಧರಿಸುತ್ತಾರೆ. ಚೀನಾದ ಯುನ್ನಾನ್ ಪ್ರಾಂತದ ಹಳ್ಳಿ ಹೆಂಗಸರೊಂದಿಗೆ 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ರೂಪಿಸಿದ ‘ಫೋಟೊವಾಯ್ಸ್’ ಎಂಬ ಕ್ರಮವೂ ಇಂಥದ್ದೇ.

ಆಸ್ಪತ್ರೆಯ ಗೋಡೆಯಲ್ಲಿ ನಗುಮುಖದಿಂದ ಅಳುಮುಖದವರೆಗಿನ ಪಟ್ಟಿ ನೋಡಿರಬಹುದು. ಅದರಲ್ಲೊಂದು ತೊಡಕಿದೆ. ನೋವು ಕಡಿಮೆಯಿದ್ದರೂ ಬೇಸರದಲ್ಲಿರುವ ಮಗು ನಗುಮುಖವನ್ನು ತೋರಿಸದೆ ಇರಬಹುದು, ತುಂಬ ನೋವಿದ್ದೂ ಅಳದ ಮಗು ಕಣ್ಣೀರಿನ ಮುಖ ತನ್ನದಲ್ಲ ಎನ್ನಬಹುದು. ಅದಕ್ಕೇ 2001ರಲ್ಲಿ ಪರಿಷ್ಕರಿಸಿದ ಆರು ಮುಖಗಳ ಇನ್ನೊಂದು ಮಾಪಕದಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ.

ನಮ್ಮಲ್ಲಿ ಇದು ತೀರಾ ಬೇಕಾದದ್ದು ಸಿಕಲ್ ಸೆಲ್ ಕಾಯಿಲೆಯ ಮಕ್ಕಳಿಗೆ. ಚಾಮರಾಜನಗರ, ಮೈಸೂರು ಕಡೆಯ ಆದಿವಾಸಿ ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ಕುಡುಗೋಲಿನ ಆಕಾರಕ್ಕೆ ತಿರುಗಿದ ರಕ್ತಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿದಾಗ ಎಲುಬಿನೊಳಗೆ ಭಾರಿ ನೋವು, ಹೊರಗೆ ಹೆಚ್ಚೇನೂ ಕಾಣದು. ಅಪರಿಚಿತ ವೈದ್ಯರ ಮುಂದೆ ಬಾಯಿ ಬಿಡದ ಮಗು ಕಾಗದದ ಮೇಲೆ ಜಾಗ ತೋರಿಸಬಲ್ಲದು.

ಮನೆಯಲ್ಲಿ ಮಾಡಬಹುದೇ?

ಧಾರಾಳವಾಗಿ. ‘ನೋವು ಬಂದಾಗ ಹೇಗಿರುತ್ತೆ, ಬರೆದು ತೋರಿಸು’ ಎನ್ನಿ. ಪಕ್ಕದಲ್ಲಿ ಕೂತು ತಿದ್ದಬೇಡಿ. ‘ಇದು ರಕ್ತಾನಾ?’ ಎಂದರೆ ಮಗು ಹೂಂ ಎಂದುಬಿಡುತ್ತದೆ, ‘ಇದೇನು ಪುಟ್ಟಾ?’ ಎಂದು ಕೇಳಿ. ಅದು ಹೇಳಿದ್ದನ್ನು ಅದರ ಮಾತಲ್ಲೇ ಹಿಂಬದಿಗೆ ಬರೆದು, ತಾರೀಖು ಹಾಕಿ, ಮುಂದಿನ ಸಲ ವೈದ್ಯರ ಹತ್ತಿರ ಒಯ್ಯಿರಿ. ಬರೆಯಲು ಮನಸ್ಸಿಲ್ಲ ಎಂದರೆ ಬಿಟ್ಟುಬಿಡಿ.

ಆ ಚಿತ್ರ ಕುಟುಂಬದ ಗುಂಪಿಗೆ ಹೋಗಬೇಕೇ ಎಂದು ಕೂಡ ಮಗುವನ್ನೇ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಸಂಶೋಧನೆಗೆ ತಂದೆತಾಯಿ ಒಪ್ಪಿದರೆ ಸಾಲದು, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. ಸಂಶೋಧಕರಿಗೆ ಇಷ್ಟು ಕಟ್ಟುನಿಟ್ಟು ಇರುವಾಗ ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ವಿನಾಯಿತಿ ಯಾಕೆ?

ಕೆಲವು ಸಂದರ್ಭಗಳಲ್ಲಿ ಮಾತ್ರ ಚಿತ್ರಕ್ಕಾಗಿ ಕಾಯಬಾರದು. ತಲೆನೋವಿನಿಂದ ನಿದ್ದೆಯಿಂದ ಏಳುವುದು, ಬೆಳಗೆದ್ದ ಕೂಡಲೇ ವಾಂತಿ, ನಡಿಗೆ ತಪ್ಪುವುದು, ದೃಷ್ಟಿ ಮಂಜಾಗುವುದು, ಜ್ವರದ ಜೊತೆ ಕತ್ತು ಬಿಗಿಯುವುದು, ಸಿಕಲ್ ಸೆಲ್ ಇರುವ ಮಗುವಿಗೆ ಜ್ವರ ಅಥವಾ ಉಸಿರಾಟದ ತೊಂದರೆ. ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.