ಆಡಿದವನು, ಆಡಿಸಿದವನು

ದೊಡ್ಡಬಳ್ಳಾಪುರದಲ್ಲಿ ಸಂಜೆಯ ಹೊತ್ತು ಮಗ್ಗಗಳ ಸದ್ದನ್ನು ದಾಟಿ ಬಯಲಿನ ಕಡೆ ತಿರುಗಾಡಲು ಹೋಗುವುದು ನನ್ನ ಅಭ್ಯಾಸ. ಅಲ್ಲಿ ಹುಡುಗರು ಚೆಂಡು ಒದೆಯುತ್ತಿರುತ್ತಾರೆ. ಮೊನ್ನೆ ಒಬ್ಬನನ್ನು ಕರೆದು, “ಕಾರ್ಲ್ಟನ್ ಚಾಪ್‌ಮನ್ ಯಾರು, ಗೊತ್ತೇನಪ್ಪಾ?” ಎಂದು ಕೇಳಿದೆ. “ಇಂಗ್ಲೆಂಡಿನವರಾ, ತಾತಾ?” ಎಂದ. ಹುಡುಗನ ತಪ್ಪೇನೂ ಇಲ್ಲ. ಹೇಳಬೇಕಾದವರು ನಾವು ಹೇಳಲಿಲ್ಲ.

ಕಾಲ್ಚೆಂಡಾಟದಲ್ಲಿ ಬೆಂಗಳೂರಿನ ಮನೆತನ ದೊಡ್ಡದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಕ್ಕೆ 10-1ರಿಂದ ಸೋತಾಗ ನಮ್ಮ ಪಾಲಿನ ಒಂದನ್ನು ಗಳಿಸಿದವರು ಅಹಮದ್ ಖಾನ್. ಅವರೂ ಈ ಊರಿನವರೇ. ಆ ಮನೆತನದ ಕುಡಿ ಚಾಪ್‌ಮನ್. 1971ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಸದರ್ನ್ ಬ್ಲೂಸ್ ತಂಡದಲ್ಲಿ ಆಡಿ, 1990ರಲ್ಲಿ ಜಮ್‌ಶೇಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಈಸ್ಟ್ ಬೆಂಗಾಲ್ ತಂಡಕ್ಕೆ ಬಂದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಸೋಲಿಸಿದರಲ್ಲ, ಅದರಲ್ಲಿ ಮೂರು ಗೋಲು ಇವರವು. ಮಧ್ಯಭಾಗದಲ್ಲಿ ಆಡುವವನು ಮೂರು ಗೋಲು ಹೊಡೆಯುವುದು ಸಾಮಾನ್ಯವಲ್ಲ. ಮುಂದೆ ಪಂಜಾಬಿನ ಜೆ.ಸಿ.ಟಿ. ತಂಡದಲ್ಲಿದ್ದು 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಗೆದ್ದರು. ಕೊಚ್ಚಿಗೂ ಹೋಗಿ ಬಂದರು. 2001ರಲ್ಲಿ ನಾಯಕರಾಗಿ ಈಸ್ಟ್ ಬೆಂಗಾಲಿಗೆ ಲೀಗ್ ಗೆದ್ದುಕೊಟ್ಟು ಆಟ ನಿಲ್ಲಿಸಿದರು. ಭಾರತದ ನಾಯಕತ್ವವನ್ನೂ ವಹಿಸಿದ್ದರು.

ಇಷ್ಟು ಆಡಿದವರ ಕಥೆ. 2002ರಲ್ಲಿ ಅವರು ತಾವು ಕಲಿತ ಟಾಟಾ ಅಕಾಡೆಮಿಗೇ ಕಲಿಸುವವರಾಗಿ ಮರಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ದೂರದ ಉಕ್ರೇನಿನಲ್ಲಿ ವಲೇರಿ ಲೋಬನೋವ್‌ಸ್ಕಿ ತೀರಿಕೊಂಡರು. ಅವರೂ ಆಡಿ, ಆಮೇಲೆ ಆಡಿಸಿದವರು. ಅವರ ಕಾರ್ನರ್ ಕಿಕ್ ಬಾಗಿ ನೇರ ಗೋಲಿನೊಳಕ್ಕೆ ಹೋಗುತ್ತಿತ್ತೆಂದು ಖ್ಯಾತಿ. 1961ರಲ್ಲಿ ಸೋವಿಯೆತ್ ಲೀಗ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಮಾಸ್ಕೋದಿಂದಾಚೆ ತಂದ ಕೀವ್ ತಂಡದಲ್ಲಿ ಆಡಿದರು. ಇಪ್ಪತ್ತೊಂಬತ್ತಕ್ಕೇ ಆಟ ಬಿಟ್ಟು, ಮೊದಲು ದ್ನಿಪ್ರೊ, ಬಳಿಕ ಕೀವ್ ತಂಡದ ತರಬೇತಿಗೆ ನಿಂತರು. ಅವರ ಕೈಯಲ್ಲಿ ಆ ತಂಡ ಎಂಟು ಸಲ ಸೋವಿಯೆತ್ ಲೀಗನ್ನೂ, 1975 ಮತ್ತು 1986ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ಪನ್ನೂ ಗೆದ್ದಿತು. ಕೀವಿನ ಕ್ರೀಡಾಂಗಣಕ್ಕೆ ಈಗ ಅವರದೇ ಹೆಸರು.

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಮಾತು ಹೇಳಬೇಕು. ಲೋಬನೋವ್‌ಸ್ಕಿಗೆ ದಶಕಗಟ್ಟಲೆ ಒಂದೇ ನೆಲೆ ಇತ್ತು; ನಡುವೆ ಬಿಟ್ಟು ಹೋದರೂ ಹಿಂದಿರುಗಿ ಬರಲು ತಂಡ ಅಲ್ಲೇ ಇತ್ತು. ಗುರುವಿನ ಕೆಲಸ ಸಸಿ ನೆಟ್ಟಂತೆ, ಫಲಕ್ಕೆ ಕಾಲ ಬೇಕು. ಚಾಪ್‌ಮನ್‌ರಿಗೆ ಅಂಥ ತೋಟ ಸಿಗಲಿಲ್ಲ. ಶಿಲ್ಲಾಂಗಿನ ರಾಯಲ್ ವಾಹಿಂಗ್‌ದೋ, ಕಲ್ಕತ್ತೆಯ ಭವಾನಿಪುರ, ಕೊನೆಗೆ ಕೇರಳದ ಕ್ವಾರ್ಟ್ಜ್ ಎಂದು ಊರೂರು ಸುತ್ತಿದರು. ಜೆ.ಸಿ.ಟಿ. ತನ್ನ ತಂಡವನ್ನು 2011ರಲ್ಲಿ ಮುಚ್ಚಿತು. ವಾಹಿಂಗ್‌ದೋ 2014-15ರ ಐ-ಲೀಗಿನಲ್ಲಿ ಮೂರನೆಯ ಸ್ಥಾನ ಪಡೆದೂ ಮರುವರ್ಷ ಆ ಲೀಗಿನಲ್ಲಿ ಉಳಿಯಲಿಲ್ಲ. ಶಾಲೆಯೇ ಮುಚ್ಚಿಹೋದರೆ ಮೇಷ್ಟರ ಕೀರ್ತಿ ಎಲ್ಲಿ ನಿಲ್ಲಬೇಕು? ಹೊಡೆದ ಗೋಲು ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತದೆ. ಕಲಿಸಿದ ಪಾಠ ಕಲಿತವನ ಕಾಲಿನಲ್ಲಿ ಮಾತ್ರ.

2020ರ ಅಕ್ಟೋಬರ್ 12ರಂದು ಚಾಪ್‌ಮನ್ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು; ತರಬೇತಿದಾರನೊಬ್ಬನ ಕೆಲಸ ಹದಕ್ಕೆ ಬರುವ ವಯಸ್ಸು. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ, ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಾಗ ನನಗೆ ಮೊದಲು ನೆನಪಾದವರು ಅವರೇ. ಅದನ್ನು ನೋಡಲು ಅವರಿರಲಿಲ್ಲ.

ಇಷ್ಟನ್ನೂ ಆ ಹುಡುಗನಿಗೆ ಬಯಲಿನ ಕಲ್ಲಿನ ಮೇಲೆ ಕುಳಿತು ಹೇಳಿದೆ. ಕೇಳಿದವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗೆ ಕಲಿಸುವವರು ಯಾರೂ ಇಲ್ಲ, ತಾತಾ” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.