ನೆನಪು ಹೆಚ್ಚಿದರೂ ವೇಗ ಹೆಚ್ಚಲಿಲ್ಲವೇಕೆ?

ನೆನಪನ್ನು ಕಾಪಾಡುವ ಕೆಲಸ ದಕ್ಷಿಣ ಕನ್ನಡಕ್ಕೆ ಹೊಸತಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ತಾಳೆಗರಿ ಗ್ರಂಥಗಳು ಶತಮಾನಗಳ ಕಾಲ ಜೋಪಾನವಾಗಿ ಉಳಿದವು. ಹಳೆಯ ಕನ್ನಡ ಲಿಪಿಯಲ್ಲಿದ್ದ ಅವನ್ನು ಪ್ರತಿ ಮಾಡುವ ಕೆಲಸ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಧವಲಾದ ಮೊದಲ ಸಂಪುಟ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವಿದೆ, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ತುಳು ಬದುಕಿನ ವಸ್ತುಸಂಗ್ರಹಾಲಯವಿದೆ.

ಇಂದು ಇದೇ ಊರುಗಳಲ್ಲಿ ನೆನಪು ಕಂಪ್ಯೂಟರಿನೊಳಗೂ ಸೇರುತ್ತಿದೆ. ಬಿ.ಸಿ. ರೋಡಿನಲ್ಲೋ ಬೆಳ್ತಂಗಡಿಯಲ್ಲೋ ಇರುವ ಒಂದು ಡಿಟಿಪಿ ಅಂಗಡಿಯನ್ನು ಊಹಿಸಿಕೊಳ್ಳಿ. ದೀಪಾವಳಿ ಕಳೆದರೆ ನೇಮ, ಕೋಲ, ಬ್ರಹ್ಮಕಲಶ, ಬಯಲಾಟಗಳ ಆಮಂತ್ರಣ ಪತ್ರಿಕೆಗಳ ಸುಗ್ಗಿ. ಬಿಡುವಿದ್ದಾಗ ಮನೆತನಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಕೊಡುವುದೂ ಉಂಟು. ಯಂತ್ರ ನಿಧಾನವಾಯಿತೆಂದು ಮಾಲೀಕರು 8 ಜಿಬಿ ರ್‍ಯಾಮ್ ಇದ್ದಲ್ಲಿ ಇನ್ನೊಂದು 8 ಜಿಬಿ ಪಟ್ಟಿ ತಂದು ಕೂರಿಸುತ್ತಾರೆ. ಪರದೆಯ ಮೇಲೆ 16 ಜಿಬಿ ಎಂದು ಬರುತ್ತದೆ, ಸಂತೋಷ. ಆದರೆ ಹೊಸ ಪಟ್ಟಿಯ ಚೀಟಿಯಲ್ಲಿ 3200 ಎಂದಿದ್ದರೆ ಯಂತ್ರ 2400 ಎನ್ನುತ್ತದೆ. ‘ಮೋಸ ಹೋದೆನೇ?’ ಎಂಬ ಅನುಮಾನ ಶುರುವಾಗುತ್ತದೆ.

ಬಹುತೇಕ ಸಂದರ್ಭಗಳಲ್ಲಿ ಮೋಸವೇನೂ ಆಗಿರುವುದಿಲ್ಲ. ಹಾಗೇಕೆ ಎಂದು ತಿಳಿಯಲು ಈ ‘ನೆನಪಿನ ಪಟ್ಟಿ’ಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಮಣಿಯಿಂದ ಚಿಪ್ಪಿಗೆ

ಗ್ರಂಥಭಂಡಾರದಲ್ಲಿ ಕಪಾಟಿನ ತುಂಬ ಓಲೆಗರಿಯ ಕಟ್ಟುಗಳಿರುತ್ತವೆ. ಓದುವವನು ಬೇಕಾದ ಕಟ್ಟನ್ನು ಮಾತ್ರ ವ್ಯಾಸಪೀಠದ ಮೇಲಿಟ್ಟು ಬಿಚ್ಚುತ್ತಾನೆ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಪಾಟಾದರೆ, ರ್‍ಯಾಮ್ ಎಂಬುದು ವ್ಯಾಸಪೀಠ. ಒಂದು ವ್ಯತ್ಯಾಸವೆಂದರೆ, ವಿದ್ಯುತ್ ನಿಂತೊಡನೆ ಈ ಪೀಠ ಬರಿದಾಗುತ್ತದೆ.

1953ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ‘ವರ್ಲ್‌ವಿಂಡ್’ ಯಂತ್ರಕ್ಕೆ ಜೇ ಫಾರೆಸ್ಟರ್ ಮತ್ತು ಸಂಗಡಿಗರು ಸಣ್ಣ ಕಾಂತೀಯ ಮಣಿಗಳನ್ನು ತಂತಿಗೆ ಪೋಣಿಸಿದ ಸ್ಮೃತಿಯನ್ನು ಅಳವಡಿಸಿದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಆರಂಭಿಸಿದ ‘ಟಿಫ್ರ್ಯಾಕ್’ ಯಂತ್ರದಲ್ಲಿದ್ದುದೂ ಇಂಥದೇ ಮಣಿಗಳು. ಅದರ ಸಾಮರ್ಥ್ಯ ತಲಾ 40 ಬಿಟ್‌ಗಳ 2048 ಪದಗಳು, ಅಂದರೆ ಸುಮಾರು 10 ಕಿಲೋಬೈಟ್. ಇಂದಿನ ಯೂನಿಕೋಡ್ ಕಡತಗಳಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಆ ಲೆಕ್ಕದಲ್ಲಿ ನೀವು ಓದುತ್ತಿರುವ ಈ ಲೇಖನದ ಅರ್ಧದಷ್ಟೂ ಅದರಲ್ಲಿ ಹಿಡಿಸುವುದಿಲ್ಲ! ಮುಂದೆ ಇದೇ ಸಂಸ್ಥೆಯಲ್ಲಿ ಕೆಲಸ ಮಾಡಿದವರು ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್. ಇಂದು ಕನ್ನಡಿಗರು ಬಳಸುವ ಕೀಲಿಮಣೆ ವಿನ್ಯಾಸಕ್ಕೆ ತಳಪಾಯ ಹಾಕಿದವರೂ ಅವರೇ.

ಮಣಿಗಳ ಕಾಲ ಮುಗಿದದ್ದು ಚಿಪ್ಪುಗಳು ಬಂದ ಮೇಲೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಉಪಾಯ ಬಹಳ ಸರಳ: ಒಂದು ಟ್ರಾನ್ಸಿಸ್ಟರ್, ವಿದ್ಯುದಂಶವನ್ನು ಹಿಡಿದಿಡುವ ಒಂದು ಕೆಪಾಸಿಟರ್. ಈ ಕೆಪಾಸಿಟರ್ ತೂತು ಕೊಡಪಾನದಂತೆ, ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಅದನ್ನು ಓದಿ ಮತ್ತೆ ತುಂಬಬೇಕು. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ ಚಿಪ್ಪಿನಲ್ಲಿ ಹೀಗೆ ಸೋರುವ 1024 ಕೋಶಗಳಿದ್ದವು. ಇಂದಿನ 8 ಜಿಬಿ ಪಟ್ಟಿಯಲ್ಲಿ ಸುಮಾರು 6,900 ಕೋಟಿ ಕೋಶಗಳಿವೆ. ಕೊಡಪಾನ ಮಾತ್ರ ಅದೇ.

ಪಟ್ಟಿಯ ಜಾತಕ

1990ರ ದಶಕದ ಮೊದಲ ಭಾಗದಲ್ಲಿ ರ್‍ಯಾಮ್ ಹೆಚ್ಚಿಸುವುದೆಂದರೆ ಸಾಹಸವೇ ಸರಿ. ಚಿಪ್ಪಿನ ಮೇಲೆ 60 ಅಥವಾ 70 ನ್ಯಾನೋಸೆಕೆಂಡ್ ಎಂಬುದರ ಗುರುತು ಇರುತ್ತಿತ್ತು. ಎರಡನ್ನೂ ಬೆರೆಸಿದರೆ ನಿಧಾನದ್ದಕ್ಕೆ ತಕ್ಕಂತೆ ಯಂತ್ರವನ್ನು ಕೈಯಾರೆ ಹೊಂದಿಸಬೇಕಿತ್ತು. ತಪ್ಪಿದರೆ ಯಂತ್ರ ನಡುವೆಯೇ ನಿಲ್ಲುತ್ತಿತ್ತು.

ದಶಕದ ಕೊನೆಯ ಹೊತ್ತಿಗೆ ಪ್ರತಿ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ ಬಂತು. ಎಸ್‌ಪಿಡಿ ಎಂದು ಕರೆಯುವ ಇದು ಪಟ್ಟಿಯ ಜಾತಕವಿದ್ದಂತೆ: ಸಾಮರ್ಥ್ಯ ಎಷ್ಟು, ಯಾವ ವೇಗ, ಎಷ್ಟು ಕಾಯಬೇಕು ಎಂಬ ವಿವರವೆಲ್ಲ ಅದರಲ್ಲಿದೆ. ಕಂಪ್ಯೂಟರನ್ನು ಹಚ್ಚಿದೊಡನೆ ಬಯಾಸ್ ಎಂಬ ಆರಂಭಿಕ ತಂತ್ರಾಂಶ ಎಲ್ಲ ಪಟ್ಟಿಗಳ ಜಾತಕವನ್ನೂ ನೋಡಿ, ಎಲ್ಲಕ್ಕೂ ಒಗ್ಗುವ ವೇಗವನ್ನು ಆರಿಸುತ್ತದೆ. ಹಳೆಯ ಪಟ್ಟಿ 2400ರದ್ದಾಗಿದ್ದರೆ ಹೊಸ 3200ರ ಪಟ್ಟಿಯೂ 2400ರಲ್ಲೇ ನಡೆಯಬೇಕು. ಕಂಬಳದಲ್ಲಿ ಜೋಡಿ ಕೋಣಗಳ ಪೈಕಿ ಒಂದು ಹಿಂದುಳಿದರೆ ಇನ್ನೊಂದು ಒಂಟಿಯಾಗಿ ಮುಂದೆ ಓಡಲು ಸಾಧ್ಯವೇ? ಹಾಗೆಯೇ ಇದು.

ಎಲ್ಲಿ ಹುಡುಕಬೇಕು?

ಎರಡೂ ಪಟ್ಟಿಗಳು 3200ರದ್ದೇ ಆಗಿದ್ದು ವೇಗ ಕಡಿಮೆ ಕಂಡರೆ ಕ್ರಮವಾಗಿ ಪರೀಕ್ಷಿಸಬೇಕು. ಮೊದಲನೆಯದು, ಓದುವ ತಪ್ಪು. 2000ದಲ್ಲಿ ಬಂದ ಡಿಡಿಆರ್ ಪದ್ಧತಿಯಲ್ಲಿ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗುತ್ತದೆ. ಹೀಗಾಗಿ ಕೆಲವು ತಂತ್ರಾಂಶಗಳು 1600 ಎಂದು ತೋರಿಸುತ್ತವೆ. ಅದು ಬಡಿತದ ಲೆಕ್ಕ. ಎರಡರಿಂದ ಗುಣಿಸಿದರೆ 3200 ಆಗುತ್ತದೆ.

ಎರಡನೆಯದು, ಪ್ರೊಸೆಸರಿನ ಮಿತಿ. ಉದಾಹರಣೆಗೆ ಇಂಟೆಲ್‌ನ ಆರನೆಯ ತಲೆಮಾರಿನ ಕೋರ್ ಪ್ರೊಸೆಸರುಗಳಿಗೆ ಕಂಪೆನಿ ಹೇಳಿರುವ ಡಿಡಿಆರ್4 ವೇಗ 2133 ಮಾತ್ರ. ಮೂರನೆಯದು, ಎಕ್ಸ್‌ಎಂಪಿ. ಕೆಲವು ಪಟ್ಟಿಗಳ ಚೀಟಿಯ ಮೇಲಿನ ವೇಗ ಸಾಮಾನ್ಯ ಮಾನಕಕ್ಕಿಂತ ಹೆಚ್ಚಿನದು. ಬಯಾಸ್‌ನಲ್ಲಿ ಈ ಆಯ್ಕೆಯನ್ನು ತೆರೆಯುವವರೆಗೆ ಅವು ನಿಧಾನವಾಗಿಯೇ ನಡೆಯುತ್ತವೆ. ನಾಲ್ಕನೆಯದು, ಜಾಗ. ನಾಲ್ಕು ಕಿಂಡಿಗಳಿರುವ ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಎರಡು ಪಟ್ಟಿಗಳನ್ನು ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗಳಲ್ಲಿ ಕೂರಿಸಬೇಕು. ಆಗ ಎರಡು ದಾರಿಗಳಲ್ಲಿ ಒಟ್ಟಿಗೆ ಮಾಹಿತಿ ಹರಿಯುತ್ತದೆ. ಅಕ್ಕಪಕ್ಕದ ಕಿಂಡಿಗಳಲ್ಲಿಟ್ಟರೆ ಒಂದೇ ದಾರಿ. ಬೋರ್ಡಿನ ಕೈಪಿಡಿ ನೋಡಿಯೇ ನಿರ್ಧರಿಸುವುದು ಕ್ಷೇಮ.

ಅಷ್ಟಕ್ಕೂ 2400ಕ್ಕೂ 3200ಕ್ಕೂ ಇರುವ ಅಂತರ ಎಷ್ಟು ದೊಡ್ಡದು? ಒಂದು ಲೆಕ್ಕ ನೋಡಿ. ಮಾನಕದ ಪ್ರಕಾರ 2133ರ ಪಟ್ಟಿ ಕೇಳಿದ್ದನ್ನು ಕೊಡಲು 15 ಬಡಿತ ಕಾಯಿಸಿದರೆ ಅದು ಸುಮಾರು 14 ನ್ಯಾನೋಸೆಕೆಂಡ್. 3200ರ ಪಟ್ಟಿ 22 ಬಡಿತ ಕಾಯಿಸಿದರೂ ಸುಮಾರು 13.75 ನ್ಯಾನೋಸೆಕೆಂಡ್. ಕಾಯುವ ಹೊತ್ತು ಹೆಚ್ಚುಕಡಿಮೆ ಒಂದೇ! ಹೆಚ್ಚುವುದು ಒಮ್ಮೆ ಹರಿಯಲಾರಂಭಿಸಿದ ಮೇಲಿನ ಪ್ರಮಾಣ. ಆಮಂತ್ರಣ ಪತ್ರಿಕೆ ಟೈಪ್ ಮಾಡುವಾಗ ಈ ಭೇದ ಕೈಗೆ ತಿಳಿಯುವುದೇ ಇಲ್ಲ.

ಜಾಗದ ಕೊರತೆ ಹಾಗಲ್ಲ. ಒಂದು ಎ4 ಹಾಳೆಯನ್ನು ಇಂಚಿಗೆ 600 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ರ್‍ಯಾಮ್‌ನಲ್ಲಿ 100 ಎಂಬಿಗೂ ಹೆಚ್ಚು ಜಾಗ ಬೇಕು. ಐವತ್ತು ಪುಟ ತೆರೆದರೆ 5 ಜಿಬಿ. ವ್ಯಾಸಪೀಠ ತುಂಬಿದ ಮೇಲೆ ಯಂತ್ರ ಪದೇ ಪದೇ ಕಪಾಟಿಗೆ ಓಡಬೇಕಾಗುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಒಂದು ತುಣುಕನ್ನು ಹುಡುಕಲು ತೆಗೆದುಕೊಳ್ಳುವ ಮಿಲಿಸೆಕೆಂಡುಗಳೆಲ್ಲಿ, ರ್‍ಯಾಮ್‌ನ ನ್ಯಾನೋಸೆಕೆಂಡುಗಳೆಲ್ಲಿ! ಆದ್ದರಿಂದ ನಿಧಾನದ 16 ಜಿಬಿ ವೇಗದ 8 ಜಿಬಿಗಿಂತ ಇಂಥ ಕೆಲಸಕ್ಕೆ ಮೇಲು. ಮಾಲೀಕರ ಹಣ ವ್ಯರ್ಥವಾಗಲಿಲ್ಲ.

ಆದರೆ ಒಂದು ಎಚ್ಚರಿಕೆ ಅಗತ್ಯ. ಬಯಾಸ್‌ನಲ್ಲಿ ವೇಗವನ್ನು ಏರಿಸಿ ಯಂತ್ರ ಅಸ್ಥಿರವಾದರೆ, ಅದು ನಿಂತುಹೋಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಸದ್ದಿಲ್ಲದೆ ಒಂದು ಬಿಟ್ ತಪ್ಪಾಗಿ, ಉಳಿಸಿದ ಕಡತ ಕೆಡಬಹುದು. ಆಮಂತ್ರಣವಾದರೆ ಮತ್ತೆ ಅಚ್ಚು ಹಾಕಬಹುದು. ಗೆದ್ದಲು ಹಿಡಿದ ಕಡತವನ್ನು ಎರಡನೆಯ ಸಲ ಸ್ಕ್ಯಾನ್ ಮಾಡಲು ಅದು ಉಳಿದಿರಬೇಕಲ್ಲ? ಹೊಸ ಪಟ್ಟಿ ಹಾಕಿದ ರಾತ್ರಿ ಮೆಮ್‌ಟೆಸ್ಟ್86ನಂಥ ಪರೀಕ್ಷೆಯನ್ನು ಓಡಿಸಿಟ್ಟು, ಬೆಳಗ್ಗೆ ಒಂದು ತಪ್ಪು ಕಂಡರೂ ವೇಗ ಇಳಿಸಿ ಮತ್ತೆ ಪರೀಕ್ಷಿಸಬೇಕು. ಆಗಲೂ ತಪ್ಪು ಬಂದರೆ ಪಟ್ಟಿಯನ್ನೇ ಬದಲಿಸಬೇಕು.

ಮೂಡುಬಿದಿರೆಯಲ್ಲಿ ಓಲೆಗರಿಯ ಮುಂದೆ ವರ್ಷಾನುಗಟ್ಟಲೆ ಕುಳಿತು ಪ್ರತಿ ಮಾಡಿದವರು ಎಷ್ಟು ವೇಗವಾಗಿ ಬರೆದರೆಂದು ಇಂದು ಯಾರೂ ಕೇಳುವುದಿಲ್ಲ. ಅವರು ಬರೆದದ್ದನ್ನು ನಂಬಿ ಓದುತ್ತೇವೆ, ಅಷ್ಟೆ.